ಅರವತ್ತು ಚಾಲಕರು, ಒಬ್ಬನೇ ಆಳು

ಟ್ಯಾಕ್ಸಿ ಕಚೇರಿಯ ದೊಡ್ಡಮ್ಮನಿಗೆ ಇದ್ದದ್ದು ಎರಡೇ ಕಿವಿ, ಒಂದೇ ಬಾಯಿ. ಆದರೂ ಮೂವತ್ತು ವರ್ಷದಿಂದ ಅರವತ್ತು ಚಾಲಕರನ್ನು ಫೋನಿನಲ್ಲೇ ಬುಗುರಿಯಂತೆ ಆಡಿಸುತ್ತಿದ್ದಳು. ಮುಂದಿನ ವಾರ ಮಗಳ ಹೆರಿಗೆ. ಆ ಕುರ್ಚಿಗೆ ಬೇರೊಬ್ಬರು ಸಿಗುವವರೆಗೆ ರಜೆಯ ಮಾತೇ ಬೇಡವೆಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಅದಕ್ಕೇ ತಂಗಿಯ ಮಗಳು ಪುಟ್ಟಿ, ಚಾಲಕರ ಸಂದೇಶ ಓದಿ ದೊಡ್ಡಮ್ಮನ ಬದಲು ಸವಾರಿ ಹಂಚುವ ಒಂದು ಪ್ರೋಗ್ರಾಂ ಬರೆದು ತಂದಳು. ಪ್ರೋಗ್ರಾಮಿನೊಳಗೆ ಚಾಲಕನಿಗೊಬ್ಬನಂತೆ ಅರವತ್ತು ಕಾಣದ ಆಳುಗಳನ್ನು ಸಾಕುವ ತಾಕತ್ತು ಅಲ್ಲಿನ ಮುದಿ ಕಂಪ್ಯೂಟರಿಗಿರಲಿಲ್ಲ. ಹಾಗಾಗಿ ಒಳಗೆ ಒಬ್ಬನೇ ಆಳು. ಅವನು ಅರವತ್ತು ಕನೆಕ್ಷನ್ನುಗಳ ಸುತ್ತ ಗಿರಗಿರನೆ ತಿರುಗಬೇಕು, ಮಾತಾಡಿದವರ ಕೆಲಸ ಮಾಡಬೇಕು, ಸುಮ್ಮನಿದ್ದವರನ್ನು ದಾಟಿಹೋಗಬೇಕು. ಅಜ್ಜಿಯ ಕಥೆಯಲ್ಲಿ ಹೇಳಿದ್ದೆಲ್ಲ ಮಾಡುವ ಭೂತವಿತ್ತಲ್ಲ, ಅಂಥದನ್ನೇ ಕಟ್ಟಿದೆನೆಂದು ಪುಟ್ಟಿ ಹಿಗ್ಗಿಹೋಗಿದ್ದಳು.

"ಒಂದು ಗಂಟೆ ಎಡವದೆ ಓಡಲಿ. ಆಮೇಲೆ ರಜೆ," ಎಂದ ಮ್ಯಾನೇಜರು.

ಹತ್ತಕ್ಕೆ ಶುರುವಾಯಿತು. ಚಾಲಕರು ತಮ್ಮ ಫೋನಿನಲ್ಲಿ ಅಕ್ಷರ ಒತ್ತಿದಂತೆಲ್ಲ ಅದು ಇತ್ತ ಬರುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಮಾತು ಮುಗಿದಂತೆ. ದೊಡ್ಡಮ್ಮ ಮೂಲೆಯಲ್ಲಿ ಕೂತು ಕೂಸಿಗೆ ಟೋಪಿ ಹೆಣೆಯುತ್ತ, ಫೋನಿನಲ್ಲಿ ಯಾರಿಗೋ ಏನೋ ಪಿಸುಗುಟ್ಟಿದಳು. ಮರುಕ್ಷಣವೇ ಪರದೆಯ ಮೇಲೆ ಚಾಲಕನಿಗೊಂದರಂತೆ ಓಡಾಡುತ್ತಿದ್ದ ಅರವತ್ತು ಚುಕ್ಕಿಗಳೂ ಕಲ್ಲಾದವು. ಎಲ್ಲ ಫೋನುಗಳೂ ಒಟ್ಟಿಗೇ ಬಾಯಿ ಬಡಿದುಕೊಂಡವು.

"ಏನೇ, ನಿನ್ನ ಭೂತ ತೂಕಡಿಸ್ತಾ?" ಎಂದಳು ದೊಡ್ಡಮ್ಮ.

ಪುಟ್ಟಿ ತಡಕಾಡಿದಳು. ಕೊನೆಯದಾಗಿ ಬಂದದ್ದು ಮೀಸೆ ಎಂಬ ಚಾಲಕನ ಮಾತು: 'ನಾನೀಗ ರೈಲ್ವೆ'. ಅಷ್ಟೇ. ಹಸಿರು ಗುಂಡಿಯಿಲ್ಲ. ಅವಳ ಆಳು ಉಳಿದರ್ಧಕ್ಕಾಗಿ ಅಲ್ಲೇ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಈ ಮೀಸೆ ಯಾಕೆ ಅರ್ಧಕ್ಕೇ ನಿಲ್ಲಿಸಿದ?"

"ನಾನೇ ಹೇಳ್ದೆ. ಈ ಕುರ್ಚಿಗೆ ಬರೋ ಹೊಸಬರಿಗೆಲ್ಲ ಮೊದಲ ದಿನ ಇದೇ ಆಟ. 'ಹೇಳಿ ಸರ್, ಹೇಳಿ' ಅಂತ ಕಾಯ್ತಾ ಕೂರ್ತಾರೆ. ಅಷ್ಟರಲ್ಲಿ ಉಳಿದವರು ಬೊಬ್ಬೆ ಹೊಡೀತಾರೆ."

"ನಿನ್ನ ರಜೆಗೆ ನೀನೇ ಕಲ್ಲು ಹಾಕ್ಕೋತೀಯಲ್ಲ ದೊಡ್ಡಮ್ಮ!"

"ನನ್ನ ಹುಡುಗರನ್ನ ಎಂಥವನ ಕೈಗೆ ಕೊಡ್ತಿದೀನಿ ಅಂತ ನೋಡ್ಬೇಡ್ವೇನೇ?"

"ನೀನಾಗಿದ್ರೆ ಏನ್ಮಾಡ್ತಿದ್ದೆ?"

ದೊಡ್ಡಮ್ಮ ಅರವತ್ತು ಚೌಕ ಎಳೆದಿದ್ದ ಹಾಳೆಯನ್ನು ಮುಂದೆ ತಳ್ಳಿದಳು. "ಅರ್ಧ ಬಂದ್ರೆ ಅರ್ಧಾನೇ ಅವನ ಚೌಕದಲ್ಲಿ ಬರ್ಕೊಂಡು ಮುಂದಿನವನನ್ನ ಕೇಳ್ತೀನಿ. ಮಿಕ್ಕಿದ್ದು ಬಂದಾಗ ಸೇರಿಸ್ತೀನಿ."

ಪುಟ್ಟಿ ಹಣೆ ಚಚ್ಚಿಕೊಂಡು ಕೀಬೋರ್ಡಿಗೆ ಕೈ ಹಚ್ಚಿದಳು. ಚಾಲಕನಿಗೊಂದು ಚೌಕ, ಬಂದಷ್ಟನ್ನು ಅದಕ್ಕೆ ಹಾಕಿ ಮುಂದಕ್ಕೆ ನಡೆ, ಮಾತು ಪೂರ್ತಿಯಾದಾಗ ಮಾತ್ರ ಕೆಲಸ. ಮ್ಯಾನೇಜರು ಮುಖ ಸಿಂಡರಿಸಿ ಇನ್ನೊಂದು ಗಂಟೆ ಕೊಟ್ಟ.

ಈ ಸಲ ದೊಡ್ಡಮ್ಮ ಪಿಸುಗುಟ್ಟಲೂ ಇಲ್ಲ. ಫೋನಿಗೆ ಗಂಟಲೆತ್ತಿಯೇ ಹೇಳಿದಳು, "ಇಪ್ಪತ್ತು ಜನ ಅರ್ಧರ್ಧ ಮಾತಾಡ್ರಪ್ಪ!"

ಮೀಸೆ ಮತ್ತೆ 'ನಾನೀಗ ರೈಲ್ವೆ' ಎಂದಷ್ಟೇ ಒತ್ತಿದ; ಅವನೂ ಸೇರಿ ಇಪ್ಪತ್ತು ಚುಕ್ಕಿಗಳು ಅರ್ಧ ಮಾತಿಗೇ ನಿಂತವು. ಉಳಿದ ನಲವತ್ತು ಏನೂ ಆಗದಂತೆ ಓಡಿದವು. ನಲವತ್ತು ನಿಮಿಷದ ಮೇಲೆ ಮೀಸೆಯ ಉಳಿದರ್ಧ ಬಂದು ತನ್ನ ಚೌಕ ಸೇರಿತು: 'ನಿಲ್ದಾಣದ ಹತ್ರ ಇದೀನಿ. ಅಮ್ಮಾವ್ರೇ, ಇನ್ನು ಮಾತಾಡದಿದ್ರೆ ಹೊಟ್ಟೆ ಒಡೆದ್ಹೋಗುತ್ತೆ!'

ಗಂಟೆ ಮುಗಿಯಿತು. ಮ್ಯಾನೇಜರು ರಜೆಯ ಅರ್ಜಿಗೆ ಸಹಿ ಗೀಚಿದ. ದೊಡ್ಡಮ್ಮ ಚೀಲ ಹೆಗಲಿಗೇರಿಸಿದಳಾದರೂ ಬಾಗಿಲು ದಾಟಲೊಲ್ಲಳು. ಪರದೆಯನ್ನೊಮ್ಮೆ ದುರುಗುಟ್ಟಿ ನೋಡಿದಳು.

"ನನ್ನ ಮರ್ಯಾದೆಗಾದ್ರೂ ಇನ್ನೊಂದೇ ಒಂದು ಸಲ ಎಡವಬಾರದಿತ್ತೇನೋ, ಮೂದೇವಿ?"