ಪ್ರಿನ್ಸಿಪಾಲರ ಕೋಣೆಯ ಚಹಾ

ಕಾಲೇಜು ನೋಡಲು ಹೋಗುವಾಗ ಯಮನಪ್ಪ ಮಾಮನನ್ನು ಕರೆದುಕೊಂಡು ಹೋಗುವ ದರ್ದು ಅಪ್ಪನಿಗೆ ಏನಿತ್ತು? ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಮಾಮ ಅವ್ವನ ತಮ್ಮ. ನಮ್ಮ ಕುರುಬರ ಮನೆಗಳಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ತನ್ನ ಮಗ ಭೀಮಪ್ಪನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಅವನು ನಾನು ತೊಟ್ಟಿಲಲ್ಲಿದ್ದಾಗಲೇ ಲೆಕ್ಕ ಹಾಕಿದ್ದ. ಅಂಥವನನ್ನು ಕಾಲೇಜು ನೋಡಿ ಹೇಳು ಎಂದು ಕರೆಯುವುದು ತೋಳನನ್ನು ಕುರಿ ಕಾಯಲು ಹಚ್ಚಿದಂತೆ.

ಆಗಿನ್ನೂ ಮುಂಬಯಿ ಸರ್ಕಾರ. ನನ್ನ ಎಸ್ಸೆಸ್ಸಿ ಪಾಸಾಗಿತ್ತು. ನಮ್ಮೂರು ತುಬಚಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇರಲಿಲ್ಲ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಒಮ್ಮೆ ಹೋಗಿ ನೋಡೂಣು ಪದ್ದವ್ವಾ, ಆಮ್ಯಾಗ ಹೇಳ್ತೇನಿ" ಅಂದ. ಅವನು ಒಲ್ಲೆ ಅಂದರೆ ಮುಗಿಯಿತು, ಬರುವ ಸುಗ್ಗಿಗೆ ಭೀಮಪ್ಪನ ಜೊತೆ ಮದುವೆಯ ಅಕ್ಕಿಕಾಳು.

ಹೊರಡುವ ಮುಂಚೆ ನನ್ನ ಸಾಲಿಯ ನಾಮದೇವ ಮಾಸ್ತರರು ಕರೆದು ಹೇಳಿದ್ದರು. "ಗ್ವಾಡಿ, ಗಿಡಾ ನೋಡಿ ಬರಬ್ಯಾಡವಾ. ಒಂದ ಪಾಠಕ್ಕ ಕೂತು ಬಾ. ಅಲ್ಲಿ ಓದೂ ಹುಡಿಗ್ಯಾರ್ನ ಮಾತಾಡಿಸು. ವಸತಿಗೃಹದಾಗ ಏನ್ ಉಣ್ಣಾಕ ಹಾಕ್ತಾರ, ಉಂಡು ನೋಡು. ಇರೂದು ಒಂದ ದಿನ, ಹಾಳ ಮಾಡ್ಕೋಬ್ಯಾಡ."

ಹಾಳು ಮಾಡಲು ಮಾಮನಿದ್ದನಲ್ಲ. ಹೊಸ ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ, ಬೀಗರ ಮನೆ ನೋಡಲು ಹೊರಟವನ ಹಾಗೆ ಜಮಖಂಡಿಯಲ್ಲಿ ಬಸ್ಸು ಹತ್ತಿದ. ಶಹರ ಮುಟ್ಟಿದ ಮೇಲೆ ಕಾಲೇಜನ್ನೂ ಹಾಗೆಯೇ ನೋಡಿದ. ಬಾವಿಗೆ ಬಗ್ಗಿ ನೀರು ಸಿಹಿಯೋ ಸವಳೋ ಕೇಳಿದ. ನಮ್ಮನ್ನು ಸುತ್ತಾಡಿಸುತ್ತಿದ್ದ ಜವಾನ ಕಾಶಪ್ಪನಿಗೆ, "ಮನ್ಯಾಗ ಹಿರೇ ಹೆಣಮಗಳು ಯಾರೂ ಕಾಣವಲ್ರಲ್ಲಾ?" ಅಂದ.

"ಇದು ಮನಿ ಅಲ್ರೀ ಯಜಮಾನರ, ಕಾಲೇಜು" ಅಂದ ಕಾಶಪ್ಪ.

ಒಂದು ಕೋಣೆಯಲ್ಲಿ ಪಾಠ ನಡೆದಿತ್ತು. ಮುಂದಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ನನ್ನನ್ನು ನೋಡಿ ನಕ್ಕು, ಸರಿದು ಜಾಗ ಮಾಡಿದಳು. ಪಾಠ ಹೇಳುತ್ತಿದ್ದವರೂ ಬಾ ಎಂದು ಕೈ ಮಾಡಿದರು. ನಾನು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಮಾಮ ರಟ್ಟೆ ಹಿಡಿದು ಎಳೆದ. "ಬೀಗರ ಮಾತ ಮುಗಿಯೂತನಕಾ ಹುಡಿಗಿ ಒಳಗ ಕಾಲ ಇಡಬಾರದು."

ವಸತಿಗೃಹದ ಅಡಿಗೆಯವರು ಊಟಕ್ಕೆ ಕರೆದರೆ ಅಲ್ಲಿಯೂ ಅವನದೇ ಕಾರುಬಾರು. ಸಂಬಂಧ ಕೂಡುವವರೆಗೆ ಬೀಗರ ಮನೆಯಲ್ಲಿ ಗುಟುಕು ನೀರನ್ನೂ ಮುಟ್ಟಬಾರದು, ಮುಟ್ಟಿದರೆ ಮಾತು ಕೊಟ್ಟ ಹಾಗೆ. ಇದು ನಮ್ಮವರ ರಿವಾಜು, ಖರೆ. ಆದರೆ ಕಾಲೇಜು ಯಾರ ಬೀಗ? ಅಪ್ಪ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತಿದ್ದ. ಅವನ ಆ ಮೌನ ನನಗೆ ಮಾಮನ ಬಾಯಿಗಿಂತ ಹೆಚ್ಚು ಸಿಟ್ಟು ತರಿಸಿತ್ತು.

ಕೊನೆಗೆ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿ ಚಹಾ ತರಿಸಿದರು. ನಾಲ್ಕು ಕಪ್ಪು. ಅವರು ಒಂದು ಎತ್ತಿಕೊಂಡರು. ನಮ್ಮ ಮೂರು ಮೇಜಿನ ಮೇಲೆಯೇ ಕುಳಿತವು.

"ತಗೋರಿ, ಆರತದ."

"ಕಪ್ಪ ಛಲೋ ತೊಳದೇನ್ರಿ" ಎಂದ ಕಾಶಪ್ಪ, ಮುಖ ಸಣ್ಣದು ಮಾಡಿ. ಪ್ರಿನ್ಸಿಪಾಲರು ತಮ್ಮ ಕಪ್ಪನ್ನೂ ಕೆಳಗಿಟ್ಟರು. "ನಮ್ಮ ಕೈಯಾಗ ಕುಡಿಯೂದಿಲ್ಲೇನ್ರಿ ನೀವು?" ಎಂದು ಮೆಲ್ಲಗೆ ಕೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾಮ ಕೈ ಮುಗಿದ. "ಹಂಗಲ್ರಿ ಸಾಹೇಬ್ರ. ಮನಿಗೆ ಹೋಗಿ ನಾಕ ಮಂದಿ ಹಿರ್ಯಾರ್ನ ಕೇಳಿ ತಿಳಸ್ತೇವ್ರಿ."

ಮನೆಗೆ ಹೋಗಿ ತಿಳಿಸುತ್ತೇವೆ ಅಂದರೆ ನಮ್ಮಲ್ಲಿ ಒಲ್ಲೆ ಎಂದೇ ಅರ್ಥ. ಮಾಮ ಆಗಲೇ ಕಂಬಳಿ ಕೊಡವಿ ಎದ್ದಿದ್ದ.

ನಾನು ಕಪ್ಪು ಎತ್ತಿ ಗಟಗಟ ಕುಡಿದೆ.

"ಏ ಹುಡಿಗಿ, ಏನ್ ಮಾಡಿದಿ ಇದನ್ನ?"

"ಚಹಾ ಕುಡದೆ ಮಾಮಾ. ಕುಡದ್ರ ಮಾತ ಕೊಟ್ಟಂಗ ಅಂತ ನೀನ ಹೇಳಿದಿ."

"ಹುಡಿಗಿ ಕುಡದ್ರ ಲೆಕ್ಕಿಲ್ಲ" ಅಂದ ಮಾಮ. ಅವನಿಗೆ ನಗು ಕೂಡ ಬಂತು. "ಮಾತ ಕೊಡಾವ್ರು ಹಿರ್ಯಾರು. ನಡಿ ಭಾವಾ, ಬಸ್ ತಪ್ಪತೈತಿ."

ನಾನು ಇನ್ನೊಂದು ಕಪ್ಪು ಎತ್ತಿ ಅಪ್ಪನ ಮುಂದೆ ಹಿಡಿದೆ. ಸಿಟ್ಟಿನ ರಭಸಕ್ಕೆ ಚಹಾ ಕೆಳಗಿನ ಬಸಿಗೆ ಚೆಲ್ಲಿತು. "ಯಪ್ಪಾ, ಮುಂಜಾನಿಂದ ಒಂದ ಮಾತ ಆಡಿಲ್ಲ ನೀ. ಆಡಬ್ಯಾಡ ಬಿಡು. ಇದನ್ನರ ಕುಡಿ, ಇಲ್ಲಾ ಚೆಲ್ಲು. ಮನಿಗೆ ಹೋಗಿ ತಿಳಸ್ತೇನಿ ಅಂತ ಮಾತ್ರ ಅನಬ್ಯಾಡ."

ಅಪ್ಪ ಕಪ್ಪನ್ನು ನೋಡಿದ, ನನ್ನನ್ನು ನೋಡಿದ. ಮಾಮ ಅವನ ಭುಜದ ಮೇಲೆ ಕೈ ಇಟ್ಟ. ಅಪ್ಪ ಆ ಕೈ ಸರಿಸಿ, ಬಸಿಗೆ ಚೆಲ್ಲಿದ್ದನ್ನೂ ಬಿಡದೆ ಸುರಿದುಕೊಂಡು ಕುಡಿದ. ತಣ್ಣಗಾಗಿ ಕೆನೆ ಕಟ್ಟಿದ ಚಹಾ. ಮೀಸೆ ಒರೆಸಿಕೊಂಡು ಪ್ರಿನ್ಸಿಪಾಲರ ಕಡೆ ತಿರುಗಿದ.

"ಬಿಸೇದು ಇನ್ನೊಂದ ಕಪ್ಪ ಸಿಗತೈತೇನ್ರಿ?"

ಪ್ರಿನ್ಸಿಪಾಲರು ನಕ್ಕು ಕಾಶಪ್ಪನನ್ನು ಕಳಿಸಿದರು. ಮಾಮ ಬಾಗಿಲಲ್ಲಿ ನಿಂತು, "ಅಕ್ಕಗ ಏನ್ ಹೇಳ್ತಿ ನೀ?" ಎಂದು ಗುರುಗುಟ್ಟಿದ.

"ಚಹಾ ಕುಡದೇನಿ ಅಂತ ಹೇಳ್ತೇನಿ" ಅಂದ ಅಪ್ಪ.

ನಾನು ಅವರು ಮುಗಿಸುವವರೆಗೆ ಕಾಯಲಿಲ್ಲ. ಆ ಕೋಣೆಗೆ ಹೋದರೆ ಇನ್ನೊಂದು ಪಾಠ ನಡೆದಿತ್ತು; ಆ ಹುಡುಗಿ ಮತ್ತೆ ಸರಿದು ಮಾಡಿದ ಜಾಗದಲ್ಲಿ ಕುಳಿತೆ. ಕಿಟಕಿಯಾಚೆ ಬಿಸಿಲಲ್ಲಿ ಮಾಮನ ರುಮಾಲು ಕಾಣುತ್ತಿತ್ತು. ನಿಲ್ಲಲಿ ಅಂದುಕೊಂಡೆ. ಪಾಠ ಮುಗಿಯುವವರೆಗೂ ನಿಂತ.