ಕೆಂಪು ಜಾಕೀಟು, ಸಡಿಲ ಹೆಲ್ಮೆಟ್ಟು

ಪಕ್ಕದ ಮನೆಗೆ ಹೊಸ ಗಾಡಿ ಬಂದರೆ ನಮ್ಮ ಮನೆಯಲ್ಲಿ ಅನ್ನ ಸೀಯುತ್ತದೆ. ಇದು ಎಲ್ಲ ಊರಿನಲ್ಲೂ ಇರುವ ಕಾಯಿಲೆ. ನಾಗಮಂಗಲದ ಹತ್ತಿರದ ಈ ಊರಿನಲ್ಲಿ ಅದು ಹಿಡಿದದ್ದು ರಂಜಿತಳನ್ನು.

ಪಕ್ಕದ ಆಚಾರ್ ಮನೆಯ ಸೊಸೆ ಕೀರ್ತನ ದಿನಾ ಸ್ಕೂಟರಿನಲ್ಲಿ ನಾಗಮಂಗಲಕ್ಕೆ ಹೋಗಿ ಬರುತ್ತಾಳೆ. ಅಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಅವಳಿಗೆ ಟೈಪಿಂಗ್ ಕೆಲಸ. ಸಂಜೆ ಬಂದು ಇಳಿದು, ಕಪ್ಪು ಜಾಕೀಟಿನ ಜಿಪ್ಪು ಜಾರಿಸಿ, ಕೈಗವಸು ಬಿಚ್ಚಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಒಳಗೆ ಹೋಗುವುದನ್ನು ಬೀದಿಯೇ ನೋಡುತ್ತದೆ. ರಂಜಿತಳ ಅತ್ತೆ ಸೋಮಮ್ಮನಂತೂ ಕೈಯಲ್ಲಿ ಪೊರಕೆ ಹಿಡಿದು ಹಾಗೇ ನಿಂತುಬಿಡುತ್ತಾಳೆ.

"ನೋಡು ಆಚಾರ್ರ ಸೊಸೇನ. ಎಂಗೆ ಬತ್ತಾಳೆ! ಸರ್ಕಲ್ ಇನ್ಸ್‌ಪೆಕ್ಟ್ರು ಬಂದಂಗಾಯ್ತದೆ."

ಆ ಮಾತು ಕೇಳಿದರೆ ರಂಜಿತಳಿಗೆ ಹಸಿಮೆಣಸಿನಕಾಯಿ ಅಗಿದ ಹಾಗಾಗುತ್ತಿತ್ತು. ಕೀರ್ತನ ಅವಳಿಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಸಾರಿಗೆ ನಾಲ್ಕು ಎಲೆ ಕರಿಬೇವು ಕೇಳಿದರೆ ಕೊಂಬೆಯನ್ನೇ ಮುರಿದು ಕೊಡುವವಳು. ಅದನ್ನೇ ತಡೆಯಲಾಗುತ್ತಿರಲಿಲ್ಲ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು.

ಅಷ್ಟರಲ್ಲಿ ರಂಜಿತಳಿಗೂ ನಾಗಮಂಗಲದ ಮೆಡಿಕಲ್ ಸ್ಟೋರೊಂದರಲ್ಲಿ ಕೆಲಸ ಸಿಕ್ಕಿತು. ಗಂಡ ದಿಲೀಪ್ ಲಗೇಜ್ ಆಟೋ ತಗೊಂಡ ಮೇಲೆ ಅವನ ಹಳೆಯ ಬೈಕು ಹಿತ್ತಲಲ್ಲಿ ಕೋಳಿ ಕೂರುವುದಕ್ಕೆ ಆಗಿತ್ತು. "ಅದನ್ನೇ ಓಡುಸ್ತೀನಿ ಬುಡಿ" ಅಂದಳು ರಂಜಿತ. ಕೀರ್ತನಳದು ಗೇರಿಲ್ಲದ ಸ್ಕೂಟರು, ತನ್ನದು ಗೇರಿನ ಬೈಕು. ಒಳಗೊಳಗೇ ಅದೊಂದು ಖುಷಿ. ಹಟ ಹಿಡಿದು ಕಲಿತಳು, ಲೈಸೆನ್ಸೂ ಮಾಡಿಸಿದಳು.

ಸೋಮಮ್ಮ ಒಂದು ಷರತ್ತು ಹಾಕಿದಳು. "ಓಡ್ಸವ್ವ, ನಾನೇನ್ ಬ್ಯಾಡ ಅನ್ನಕಿಲ್ಲ. ಆದ್ರೆ ಒಂದ್ಸಲ ಏನಾರ ಆಯ್ತು ಅಂದ್ರೆ ಬೈಕಿನ ಕೀನ ನನ್ ಸೆರಗಿಗೆ ಕಟ್ಕತೀನಿ. ಆಮೇಲೆ ಕೆಲ್ಸಾನೂ ಬ್ಯಾಡ, ಏನೂ ಬ್ಯಾಡ."

ಹೆಲ್ಮೆಟ್ಟು ಗಿಲ್ಮೆಟ್ಟು ತಗೋ ಅಂತ ದಿಲೀಪ್ ಒಂದಷ್ಟು ದುಡ್ಡು ಕೊಟ್ಟ. ಹೆಚ್ಚೇನಲ್ಲ. "ಸದ್ಯಕ್ಕೆ ಇಷ್ಟರಲ್ಲೇ ಸುಧಾರುಸ್ಕೊ ಕಣೆ" ಅಂದ.

ಅದೇ ವಾರ ನೆಂಟರೊಬ್ಬರ ಅಸ್ಥಿ ಬಿಡಲು ಎಲ್ಲರೂ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದರು. ಕಾರ್ಯ ಮುಗಿಸಿ ಬರುವಾಗ ರಸ್ತೆ ಪಕ್ಕದಲ್ಲಿ ಜಾಕೀಟು ನೇತುಹಾಕಿದ್ದರು. ಒಂದು ಕಡುಗೆಂಪು, ಮಿರಮಿರ ಮಿಂಚುತ್ತಿತ್ತು, ಬೆನ್ನಿಗೆ ಹದ್ದಿನ ರೆಕ್ಕೆ. ಕೀರ್ತನಳ ಕಪ್ಪು ಜಾಕೀಟು ಇದರ ಮುಂದೆ ಮಸಿಬಟ್ಟೆ! ದುಡ್ಡೆಲ್ಲ ಅದಕ್ಕೇ ಹೋಯಿತು. ಉಳಿದ ಚಿಲ್ಲರೆಗೆ ಪಕ್ಕದ ಗಾಡಿಯಲ್ಲಿ ಒಂದು ಕೆಂಪು ಹೆಲ್ಮೆಟ್ಟು ಬಂತು. ಅದು ನೆತ್ತಿ ಮುಚ್ಚುವ ಬಟ್ಟಲು ಅಷ್ಟೇ, ಗಲ್ಲದ ಕಡೆ ಏನೂ ಇಲ್ಲ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡದ್ದು ಹೀಗೆ.

ಮಾರನೆಯ ದಿನ ಕೀರ್ತನ ಜಾಕೀಟನ್ನು ಮುಟ್ಟಿ ನೋಡಿದಳು.

"ಬಣ್ಣ ಚೆನ್ನಾಗದೆ ಕಣೆ. ಒಳಗೆ ಮೊಣಕೈಗೆ, ಭುಜಕ್ಕೆ ಪ್ಯಾಡು ಐತಾ?"

"ಪ್ಯಾಡ್ಯಾಕಕ್ಕ?"

"ಇದು ಬರೀ ರೆಗ್ಜಿನ್ನು. ಚಳಿಗೆ ಆಯ್ತದೆ, ಬಿದ್ರೆ ಆಗಲ್ಲ. ಅದು ಓಗ್ಲಿ, ಹೆಲ್ಮೆಟ್ಟು ಯಾಕಿಂಥದ್ದು ತಂದೆ? ಐಎಸ್‌ಐ ಗುರ್ತೇ ಇಲ್ಲ, ತಲೆ ಮ್ಯಾಲೆ ಕುಣೀತದೆ. ಇರೋ ದುಡ್ಡನ್ನ ಮೊದ್ಲು ತಲೆಗೆ ಆಕ್ಬೇಕಿತ್ತು ಕಣೆ."

ರಂಜಿತಳ ಕಿವಿಗೆ ಆ ಬುದ್ಧಿಮಾತು ಬೀಳಲೇ ಇಲ್ಲ. ಕೀರ್ತನಳಿಗೂ ಹೊಟ್ಟೆಕಿಚ್ಚು ಬಂತು! ಅವಳಿಗೆ ಕೇಳಿಸಿದ್ದು ಇಷ್ಟೇ. ಅವತ್ತು ಅಂಗಡಿಯಲ್ಲಿ ಹಾಡು ಗುನುಗಿಕೊಂಡೇ ಮಾತ್ರೆ ಕತ್ತರಿಸಿ ಕೊಟ್ಟಳು.

ಹುರುಳಿ ಒಕ್ಕಣೆಯ ಕಾಲ ಬಂತು. ನಮ್ಮ ಕಡೆ ಕಣ ಮಾಡುವುದನ್ನು ಎಷ್ಟೋ ಜನ ಬಿಟ್ಟೇಬಿಟ್ಟಿದ್ದಾರೆ. ಗಿಡ ಕಿತ್ತು ತಂದು ಟಾರು ರಸ್ತೆಗೆ ಹರಡಿದರೆ ಸಾಕು, ಬಸ್ಸು ಲಾರಿಗಳು ಪುಕ್ಕಟೆ ತುಳಿದುಕೊಟ್ಟು ಹೋಗುತ್ತವೆ. ಸೋಮಮ್ಮನೂ ಊರಮುಂದಿನ ತಿರುವಿನಲ್ಲಿ ಅರ್ಧ ರಸ್ತೆಗೆ ಹರಡಿದ್ದಳು.

ಆ ಸಂಜೆ ಇಬ್ಬರೂ ಹಿಂದೆಮುಂದೆ ಊರಿಗೆ ಬರುತ್ತಿದ್ದರು. ಕೀರ್ತನ ಮುಂದೆ, ರಂಜಿತ ಹಿಂದೆ. ಊರಮುಂದಿನ ಅಂಗಡಿ ಜಗುಲಿಯ ಮೇಲೆ ಜನ ಕೂತಿರುವ ಹೊತ್ತು. ಇವತ್ತಾದರೂ ಅವರ ಕಣ್ಣಿಗೆ ಮೊದಲು ಕೆಂಪು ಜಾಕೀಟು ಬೀಳಬೇಕು! ತಿರುವಿನಲ್ಲಿ ಕೀರ್ತನ ವೇಗ ಇಳಿಸಿ, ಇಂಡಿಕೇಟರ್ ಹಾಕಿ, ಹುರುಳಿಯಿಲ್ಲದ ಬಲಗಡೆಗೆ ಹೊರಳುವುದರಲ್ಲಿದ್ದಳು. ಅಷ್ಟರಲ್ಲಿ ರಂಜಿತ ಗೇರು ಬದಲಿಸಿ ಅದೇ ಜಾಗಕ್ಕೆ ನುಗ್ಗಿದಳು. ಕೀರ್ತನಳಿಗೆ ದಾರಿ ಉಳಿಯಲಿಲ್ಲ. ಹುರುಳಿಯ ಮೇಲೆ ಹತ್ತಿ ಬ್ರೇಕು ಹಿಡಿದಳು. ಕಾಳಿನ ಮೇಲೆ ಚಕ್ರ ನಿಲ್ಲುತ್ತದೆಯೇ? ಸ್ಕೂಟರು ಸರ್ರನೆ ಜಾರಿತು.

ರಂಜಿತ ಬೈಕು ನಿಲ್ಲಿಸಿ ತಿರುಗಿ ನೋಡಿದಳು. ಕೀರ್ತನ ಮುಖ ಅಡಿಯಾಗಿ ಬಿದ್ದಿದ್ದಳು. ಅಷ್ಟು ದಿನ ಕೀರ್ತನಳಿಗೆ ಏನೇನು ಆಗಲಿ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದಳೋ ಅದೆಲ್ಲ ರಂಜಿತಳಿಗೆ ಒಟ್ಟಿಗೆ ನೆನಪಾಯಿತು. ದೇವರೇ, ಇದನ್ನಲ್ಲ, ನಾನು ಕೇಳಿದ್ದು ಇದನ್ನಲ್ಲ ಅಂತ ಓಡಿದಳು.

ಕೀರ್ತನ ಮೆಲ್ಲಗೆ ಎದ್ದು ಕೂತಳು. ಕೈಗವಸಿನ ಅಂಗೈ ಚಿಂದಿಯಾಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಅಂಗೈ ಹಾಗೇ ಇತ್ತು. ಜಾಕೀಟಿನ ಮೊಣಕೈ ಹರಿದು ಪ್ಯಾಡು ಹೊರಗೆ ಬಂದಿತ್ತು, ಅವಳ ಮೊಣಕೈಗೆ ಒಂದು ತರಚೂ ಇಲ್ಲ. ಹೆಲ್ಮೆಟ್ಟಿನ ಗಲ್ಲದ ಭಾಗ ಟಾರಿಗೆ ಉಜ್ಜಿ ಬೆಳ್ಳಗಾಗಿತ್ತು. ಮಂಡಿಗೆ ಮಾತ್ರ ಅವಳು ಏನೂ ಹಾಕಿರಲಿಲ್ಲ. ಮಂಡಿಯ ಚರ್ಮ ಕಿತ್ತು ರಕ್ತ ಇಳಿಯುತ್ತಿತ್ತು.

ರಂಜಿತ ಆ ಬೆಳ್ಳನೆಯ ಗೀರನ್ನೇ ನೋಡುತ್ತಿದ್ದಳು. ಅರಿವಿಲ್ಲದೆ ತನ್ನ ಗಲ್ಲ ಮುಟ್ಟಿಕೊಂಡಳು. ಅಲ್ಲಿ ಬರೀ ಚರ್ಮ.

ಸೋಮಮ್ಮ ಮೊರ ಹಿಡಿದೇ ಓಡಿಬಂದಳು. "ಅಯ್ಯೋ ನನ್ ಒಕ್ಕಣೆಗೆ ಬೆಂಕಿ ಬೀಳ! ಕೀರ್ತನ, ಎಲ್ಲವ್ವ ಏಟಾಯ್ತು?" ಆಮೇಲೆ ಸೊಸೆಯ ಕಡೆ ತಿರುಗಿದಳು. "ನೋಡ್ದಾ? ಎರಡ್ ವರ್ಷದಿಂದ ಓಡ್ಸೋಳೇ ಬಿದ್ಲು. ನೀನ್ಯಾವ ಲೆಕ್ಕ? ಕೊಡಿಲ್ಲಿ ಕೀನ!"

"ಕೀ ಯಾಕೆ ಕಿತ್ಕತೀರಿ ದೊಡ್ಡವ್ವ?" ಅಂದಳು ಕೀರ್ತನ. "ನಾನು ಬಿದ್ದೆ, ಎದ್ದೂ ಕೂತಿವ್ನಿ. ಯಾಕೆ ಅಂತ ಕೇಳಿ."

ರಂಜಿತಳಿಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕ, ಅಡ್ಡ ನುಗ್ಗಿದ್ದು ನಾನೇ. ನಿನ್ ಕಂಡ್ರೆ ನಂಗೆ ಹೊಟ್ಟೆ ಉರೀತಿತ್ತು. ನಿನ್ಕಿಂತ ಮುಂದೆ ಓಗ್ಬೇಕು ಅಂತ..."

"ಗೊತ್ತು ಕಣೆ. ಬೀದಿಗೆಲ್ಲ ಗೊತ್ತು. ಉರ್ಕೊಳೋದಾದ್ರೆ ಮನೇಲಿ ಕೂತ್ಕೊಂಡು ಉರ್ಕೊ, ರಸ್ತೇಲಿ ಬ್ಯಾಡ." ಕೀರ್ತನಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಬಾ ಇಲ್ಲಿ, ಬಗ್ಗು. ಪಟ್ಟಿ ಬಿಗಿಯಾಗಿ ಆಕಿದ್ದೀಯಾ?"

"ಊಂ."

ಕೀರ್ತನ ಕೂತಲ್ಲಿಂದಲೇ ರಂಜಿತಳ ಹೆಲ್ಮೆಟ್ಟನ್ನು ಹಿಂದಿನಿಂದ ಮೇಲಕ್ಕೆ ದೂಡಿದಳು. ಅದು ಮೂಗಿನ ಮೇಲೆ ಜಾರಿ, ಹಾಕಿದ ಪಟ್ಟಿ ಹಾಕಿದಂತೆಯೇ, ಕಳಚಿ ನೆಲಕ್ಕೆ ಬಿತ್ತು.

ಸೋಮಮ್ಮ ಅದನ್ನು ಎತ್ತಿ, ತಿರುಗಿಸಿ ನೋಡಿದಳು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವ. ಇದ್ನಾ ನೀನು ತಲೆಗೆ ತಂದಿದ್ದು?"

ರಂಜಿತ ತಲೆ ತಗ್ಗಿಸಿದಳು. ಸೋಮಮ್ಮ ಆ ಹೆಲ್ಮೆಟ್ಟನ್ನು ಮೊರಕ್ಕೆ ಹಾಕಿಕೊಂಡು ಅಂದಳು: "ಕೀ ಅವ್ಳತ್ರಾನೇ ಇರ್ಲಿ. ಸರಿಯಾದ್ದು ತರೋಗಂಟ ಬಸ್ಸಲ್ಲಿ ಓಗ್ಲಿ."

ಸುದ್ದಿ ಕೇಳಿ ಬಂದ ದಿಲೀಪ್ ತನ್ನ ಆಟೋದಲ್ಲಿ ಕೀರ್ತನಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಸೋಮಮ್ಮ ಯಾರೂ ಹೇಳದೆಯೇ ರಸ್ತೆ ಗುಡಿಸಿ, ಹುರುಳಿಯನ್ನೆಲ್ಲ ಹೊಲದ ಮೂಲೆಗೆ ಸಾಗಿಸಿದಳು.

ಆಸ್ಪತ್ರೆಯ ದಾರಿಯಲ್ಲಿ ದಿಲೀಪ್ ಕೇಳಿದ, "ರಂಜಿತಂಗೆ ಹೆಲ್ಮೆಟ್ಟು, ಜಾಕೀಟು ಎಲ್ಲ ತರೋಕೆ ನಂಗೆ ಒಂದೇ ಸಲ ಆಗಲ್ಲ ಕಣಕ್ಕ. ಮೊದ್ಲು ಯಾವ್ದು?"

"ಒಂದೇ ಸಲ ಯಾರ್ಗಾಗ್ತದೆ? ಮೊದ್ಲು ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ಟು, ಅಂಗ್ಡೀಲಿ ಬಿಲ್ ಇಸ್ಕೊಂಡು ತಗೊಳಿ. ಬೇರೆಯೋರು ಆಕಿ ಬುಟ್ಟಿದ್ದು ಬ್ಯಾಡ. ಆಮೇಲೆ ಕೈಗವಸು, ಬೀಳೋವಾಗ ಎಲ್ರೂ ಕೈ ಊರೋದೇ. ಚಪ್ಲಿ ಬ್ಯಾಡ, ಕಾಲಿನ ಗಿಣ್ಣು ಮುಚ್ಚೋ ಶೂ. ಜಾಕೀಟು ದುಡ್ಡಾದಾಗ ಆಗ್ಲಿ. ಅಲ್ಲೀಗಂಟ ದಪ್ಪ ಜೀನ್ಸ್ ಬಟ್ಟೆ, ಮೊಣಕೈಗೆ ಮಂಡಿಗೆ ಕಟ್ಟೋ ಗಾರ್ಡು. ನಾನೂ ಮಂಡೀದು ತರ್ಬೇಕಿತ್ತು, ಸೋಮಾರಿತನ ಮಾಡ್ದೆ. ದುಪಟ್ಟ ಒಳಗೆ ಸಿಗ್ಸ್ಕೊಬೇಕು, ಚಕ್ರಕ್ಕೆ ಸಿಕ್ರೆ ಕುತ್ತಿಗೇನೇ ಎಳೀತದೆ."

ಕೀರ್ತನಳ ಮಂಡಿ ವಾಸಿಯಾದ ಮೇಲೆ ರಂಜಿತ, ಕೀರ್ತನ ಇಬ್ಬರೂ ಒಟ್ಟಿಗೆ ನಾಗಮಂಗಲದ ಹೆಲ್ಮೆಟ್ಟಿನ ಅಂಗಡಿಗೆ ಹೋದರು. ಕೀರ್ತನಳಿಗೂ ಹೊಸ ಹೆಲ್ಮೆಟ್ಟು ಬೇಕಿತ್ತು. ಒಮ್ಮೆ ಬಿದ್ದು ಏಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದೆ, ಅದನ್ನು ಮತ್ತೆ ಹಾಕಬಾರದು.

ಕಪಾಟಿನಲ್ಲಿ ಒಂದು ಕೆಂಪು ಹೆಲ್ಮೆಟ್ಟು ಇತ್ತು. ಅಯ್ಯೋ, ಎಂಥ ಕೆಂಪು! ಐಎಸ್‌ಐ ಗುರುತೂ ಇತ್ತು. ರಂಜಿತ ಹಾಕಿಕೊಂಡು ತಲೆ ಅಲ್ಲಾಡಿಸಿದಳು. ಹೆಲ್ಮೆಟ್ಟು ತಲೆಗಿಂತ ಒಂದು ಗಳಿಗೆ ತಡವಾಗಿ ತಿರುಗಿತು. ಸಡಿಲ. ಆ ಬಣ್ಣದಲ್ಲಿ ಚಿಕ್ಕ ಸೈಜು ಇರಲಿಲ್ಲ. ಕೀರ್ತನ ಹಾಕಿಕೊಂಡಳು. ಕೆನ್ನೆ ಬಿಗಿಯಾಗಿ ಒತ್ತಿ, ಹೇಳಿ ಮಾಡಿಸಿದ ಹಾಗೆ ಕೂತಿತು.

ರಂಜಿತಳ ಅಳತೆಗೆ ಸಿಕ್ಕಿದ್ದು ಒಂದೇ, ಒಲೆಬೂದಿ ಬಣ್ಣದ್ದು. ಕನ್ನಡಿ ನೋಡಿಕೊಂಡಳು. ಪಕ್ಕದಲ್ಲಿ ಕೀರ್ತನ ಕೆಂಡಸಂಪಿಗೆಯ ಹಾಗೆ ನಿಂತಿದ್ದಳು. ರಂಜಿತಳ ಹೊಟ್ಟೆ ಉರಿಯಿತು, ಚೆನ್ನಾಗಿಯೇ ಉರಿಯಿತು. ಪಟ್ಟಿ ಬಿಗಿದುಕೊಂಡು ಕೀರ್ತನಳ ಮುಂದೆ ಬಗ್ಗಿದಳು.

"ಹಿಂದಿಂದ ದೂಡಕ್ಕ, ನೋಡಾಣ."

ಕೀರ್ತನ ಜೋರಾಗಿ ದೂಡಿದಳು. ಹೆಲ್ಮೆಟ್ಟು ಕದಲಲಿಲ್ಲ.

"ಇದೇ ಕೊಡಿ" ಅಂದಳು ರಂಜಿತ ಅಂಗಡಿಯವನಿಗೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಕಥೆ ಕೇಳಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ಮನೆಯವರೊಬ್ಬರ ಕೈಯಲ್ಲಿ ಹಿಂದಿನಿಂದ ದೂಡಿಸಿ. ಕಳಚಿ ಬಂದರೆ ಅದು ಹೆಲ್ಮೆಟ್ಟಲ್ಲ, ಟೋಪಿ. ಹಿಂದೆ ಕೂರುವವರಿಗೂ, ಮಕ್ಕಳಿಗೂ ಅವರವರ ಅಳತೆಯದ್ದು ತನ್ನಿ. ಒಕ್ಕಣೆಯನ್ನು ರಸ್ತೆಗೆ ಹಾಕಬೇಡಿ. ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಅಂದ ನಾಳೆಗಿರಲಿ, ತಲೆ ಇವತ್ತಿಗಿರಲಿ. ಹೊಟ್ಟೆಕಿಚ್ಚು ಬಿಡಿ ಅಂತ ನಾವು ಹೇಳುವುದಿಲ್ಲ, ಅದು ಯಾರಿಂದಲೂ ಆಗುವ ಮಾತಲ್ಲ. ಪಡಲೇಬೇಕೆಂದರೆ, ಬಿದ್ದ ಮೇಲೂ ಮಣ್ಣು ಕೊಡವಿಕೊಂಡು ಎದ್ದು ಮನೆಗೆ ಹೋದವರನ್ನು ನೋಡಿ ಪಡಿ.