ಆಯೇಷಾಳ ಮೂವತ್ನಾಲ್ಕು ಗಂಟೆ

ಊರಿನ ಹುಡುಗಿಯೊಬ್ಬಳು ದೊಡ್ಡ ಆಟಗಾರ್ತಿಯಾದರೆ ಊರಿಗೆಲ್ಲ ಅವಳ ಮೇಲೆ ಹಕ್ಕು ಬಂದುಬಿಡುತ್ತದೆ. ಹುಣಸೂರಿನ ಮರಗೆಲಸದ ಖದೀರ್ ಅವರ ಮಗಳು ಆಯೇಷಾಳಿಗೂ ಹಾಗೇ ಆಯಿತು. ಬೆಂಗಳೂರಿನ ಕ್ಲಬ್ಬೊಂದರಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುವ ಹುಡುಗಿ. ಸೀಸನ್ ಮುಗಿಸಿ ಎರಡು ತಿಂಗಳ ರಜೆಗೆ ಬಂದಿದ್ದಳು. ಬರುವಾಗ ಕ್ಲಬ್ಬಿನವರು ಒಂದು ಹಾಳೆ ಕೊಟ್ಟಿದ್ದರು: ಮೊದಲ ಎರಡು ವಾರ ಚೆಂಡು ಮುಟ್ಟುವಂತಿಲ್ಲ. ಆಮೇಲೆ ಅಭ್ಯಾಸ ದಿನಕ್ಕೆ ಒಂದೂವರೆ ಗಂಟೆ, ಅದೂ ವಾರಕ್ಕೆ ನಾಲ್ಕೇ ದಿನ. ಹೊರಗಿನ ಪಂದ್ಯ ಬೇಡವೇ ಬೇಡ.

ಖದೀರ್ ಅದನ್ನು ಓದಿ ಬಿದ್ದು ಬಿದ್ದು ನಕ್ಕರು.

"ಸಂಬಳ ಕೊಡೋರು ಕೆಲಸ ಕಮ್ಮಿ ಮಾಡು ಅಂತಾರೇನಮ್ಮಾ? ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲ್ದು. ನಾಳೆಯಿಂದ್ಲೇ ಓಡು!"

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮಂಚದ ಕಾಲಿಗೆ ಒತ್ತು ಕೊಟ್ಟರು. ಅಲ್ಲಿಗೆ ಕ್ಲಬ್ಬಿನ ಕಾನೂನು ಮುಗಿಯಿತು.

ದಿನಾ ಬೆಳಗ್ಗೆ ಹುಣಸೂರಿನ ಮೈದಾನದಲ್ಲಿ ಎರಡು ಗಂಟೆ. ವಾರಕ್ಕೆ ಮೂರು ದಿನ ಬೆಟ್ಟದಪುರಕ್ಕೆ ಹೋಗಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವುದು. ಕಾಲು ಗಟ್ಟಿಯಾಗಲಿ ಎಂದು ಅದು ಅಪ್ಪನ ಐಡಿಯಾ. ಭೇರ್ಯದಿಂದ ಚಿಕ್ಕಬಸಪ್ಪ ಬಂದು, ನಮ್ಮೂರ ಹೆಣ್ಮಕ್ಕಳಿಗೂ ಆಟ ಹೇಳಿಕೊಡಲಿ ಎಂದರು. ಹಳೇ ಗಿರಾಕಿ, ಇಲ್ಲ ಅನ್ನಲಾಗುತ್ತದೆಯೇ? ವಾರಕ್ಕೆ ನಾಲ್ಕು ಸಂಜೆ ಅಲ್ಲಿ. ಪ್ರತಿ ಭಾನುವಾರ ಬೀಚನಹಳ್ಳಿಯಲ್ಲಿ ಪಂದ್ಯ. ಕೇಳಿದವರೆಲ್ಲ ಕೇಳಿದ್ದು ಒಂದೇ ಮಾತು: "ಸ್ವಲ್ಪೊತ್ತು ಕಳ್ಸಿ ಸಾಕು."

ಐದನೇ ವಾರದ ಸೋಮವಾರ ಬೆಳಗ್ಗೆ ಹಾಸಿಗೆಯಿಂದ ಎದ್ದ ಆಯೇಷಾ ಒಂದು ಹೆಜ್ಜೆ ಇಟ್ಟಳು. ಗೋಡೆ ಹಿಡಿದು ಕುಸಿದಳು.

ಉಳುಕಿರಬೇಕು ಅಂದುಕೊಂಡೇ ಖದೀರ್ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೆಂಡತಿ ಜೀನತುನ್ನೀಸಾ ಕೂಡ ಬಂದರು. ಎಕ್ಸ್‌ರೇ ಆಯಿತು, ಡಾಕ್ಟರು ನೋಡಿದರು. ಫಿಸಿಯೋಥೆರಪಿ ಮಾಡುವ ಸುಕನ್ಯ ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಣಕಾಲಿನ ಕೆಳಗಿನ ಮೂಳೆ ತೋರಿಸಿದರು.

"ಬಿರುಕು ಬಿಟ್ಟಿದೆ ಖದೀರಣ್ಣ."

ಖದೀರ್ ಎಕ್ಸ್‌ರೇ ಹತ್ತಿರಕ್ಕೆ ಮುಖ ತಂದರು. "ಏನ್ ಮೇಡಂ ಹೇಳ್ತಿದ್ದೀರಿ? ಅವಳು ಬಿದ್ದಿಲ್ಲ, ಯಾರೂ ಒದ್ದಿಲ್ಲ. ಸುಮ್‌ಸುಮ್ನೆ ಮೂಳೆ ಹೆಂಗೆ ಬಿರುಕು ಬಿಡ್ತದೆ?"

"ಓಡ್ದಾಗೆಲ್ಲ ಮೂಳೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟಾಗ್ತದೆ. ಸುಮ್ನಿದ್ದಾಗ ದೇಹ ಅದನ್ನ ರಿಪೇರಿ ಮಾಡ್ಕೊಳ್ತದೆ. ರಜ ಇರೋದೇ ಅದಕ್ಕೆ. ವಾರಕ್ಕೆ ಎಷ್ಟು ಗಂಟೆ ಆಡ್ತಿದ್ಲು?"

"ಜಾಸ್ತಿ ಏನಿಲ್ಲ. ಅಲ್ಲೊಂದೆರಡು, ಇಲ್ಲೊಂದೆರಡು..."

"ಕೂಡ್ಸಿ ನೋಡಿ."

ಖದೀರ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಎಕ್ಸ್‌ರೇ ಕವರಿನ ಮೇಲೆ ಬರೆಯುತ್ತಾ ಹೋದರು. ಹುಣಸೂರು ಹದಿನಾಲ್ಕು. ಬೆಟ್ಟದಪುರ ಒಂಬತ್ತು. ಭೇರ್ಯ ಎಂಟು. ಬೀಚನಹಳ್ಳಿ ಮೂರು. ಒಟ್ಟು ಮೂವತ್ನಾಲ್ಕು. ತಪ್ಪಿರಬೇಕು ಎಂದು ಮತ್ತೆ ಕೂಡಿಸಿದರು. ಮೂವತ್ನಾಲ್ಕೇ. ಹಾಳೆಯಲ್ಲಿ ಇದ್ದದ್ದು ವಾರಕ್ಕೆ ಆರು. ಅಳತೆಯಲ್ಲಿ ಕೂದಲೆಳೆ ತಪ್ಪದ ಮನುಷ್ಯ ಮಗಳತ್ತ ತಿರುಗಿದರು.

"ನೋವಾಗ್ತದೆ ಅಂತ ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮಾ?"

"ಎರಡು ಸಲ ಹೇಳ್ದೆ ಅಬ್ಬಾ. ನೀವು ಮುಲಾಮು ಕೊಟ್ರಿ."

ಜೀನತುನ್ನೀಸಾ ಅಲ್ಲೇ ಸಿಡಿದರು. "ಹಸಿ ಹಲಗೆ ಬಿರುಕು ಬಿಡ್ತದೆ ಅಂತ ತಿಂಗಳುಗಟ್ಲೆ ನೆರಳಲ್ಲಿ ಒಣಗಾಕ್ತೀರಿ. ಗಿರಾಕಿ ಬಂದು ಬಡ್ಕೊಂಡ್ರೂ ಉಳಿ ಮುಟ್ಸಲ್ಲ. ಹೆತ್ತ ಮಗಳಿಗೆ ಅಷ್ಟು ಪುರಸೊತ್ತು ಕೊಡಕ್ಕಾಗ್ಲಿಲ್ವಾ?"

ಎಂಟು ವಾರ ಓಡುವಂತಿಲ್ಲ ಎಂದರು ಸುಕನ್ಯ. ಕ್ಲಬ್ಬಿನ ಕ್ಯಾಂಪ್ ಶುರುವಾಗಲು ನಾಲ್ಕೇ ವಾರ ಉಳಿದಿತ್ತು. ಆಯೇಷಾ ಕೋಚ್‌ಗೆ ಫೋನ್ ಮಾಡಿದಳು. ಅವರು ಬೈಯಲಿಲ್ಲ. ಮೂಳೆ ಕೂಡಿದ ಮೇಲೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ನಿನ್ನ ಜಾಗದಲ್ಲಿ ಬೇರೆಯವರು ಆಡುತ್ತಾರೆ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಖದೀರ್‌ಗೆ.

ಮಾರನೇ ದಿನ ಚಿಕ್ಕಬಸಪ್ಪ ಬಂದು ಅಂಗಡಿ ಮುಂದೆ ಬೈಕ್ ನಿಲ್ಲಿಸಿದರು. "ಖದೀರಣ್ಣ, ಐಕ್ಳು ಕಾಯ್ತಾ ಅವೆ. ಸ್ವಲ್ಪೊತ್ತು ಕಳ್ಸಿ ಕಣಣ್ಣ."

ಖದೀರ್ ಅವರನ್ನು ಒಳಗೆ ಕರೆದು, ಪಟ್ಟಿ ಹಾಕಿದ್ದ ಮಗಳ ಕಾಲು ತೋರಿಸಿದರು.

"ಅಯ್ಯೋ ಶಿವನೇ! ನಾವು ಕೇಳಿದ್ದು ವಾರಕ್ಕೆ ಎಂಟೇ ಗಂಟೆ ಕಣಣ್ಣ!"

"ಹೌದು ಕಣಪ್ಪ. ಯಾರೂ ಜಾಸ್ತಿ ಕೇಳ್ಲಿಲ್ಲ. ನಾನು ಕೂಡ್ಸಿ ನೋಡ್ಲಿಲ್ಲ."

ಬಂಧುಗಳೇ, ನಿಮ್ಮೂರಿಗೂ ಆಟಗಾರರು ರಜೆಗೆ ಬರುತ್ತಾರೆ. ಅವರ ಅಭ್ಯಾಸಕ್ಕೆ ಮಿತಿ ಹಾಕಿದ್ದರೆ ಅದು ಸೋಮಾರಿತನಕ್ಕಲ್ಲ, ಮೈ ಉಳಿಯಲಿ ಎಂದು. ಎಲ್ಲ ಮೈದಾನದ ಗಂಟೆಗಳನ್ನೂ ಸೇರಿಸಿ ಲೆಕ್ಕ ಹಾಕಿ. ಒಂದೇ ಜಾಗದಲ್ಲಿ ನೋವು ಬಿಡದೆ ಕಾಡಿದರೆ ಮುಲಾಮು ಹಚ್ಚಿ ಓಡಿಸಬೇಡಿ, ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಇನ್ನು, "ಸ್ವಲ್ಪೊತ್ತು ಬಾ" ಎಂದು ಕರೆಯುವ ಮೊದಲು, ಈ ವಾರ ಎಷ್ಟು ಹೊತ್ತು ಆಡಿದೆಯಮ್ಮ ಎಂದು ಅವರನ್ನೇ ಒಮ್ಮೆ ಕೇಳಿ.